ಫೌಜಿ ಟೈಲರ್ ಅಂಗಡಿಗೆ ಬೀಗ ಹಾಕಬೇಕಾ?

ಪ್ರಶ್ನೆ: ನಮ್ಮದು ಬೆಳಗಾವಿ ಕ್ಯಾಂಪ್ ಹತ್ರ ಟೈಲರಿಂಗ್ ಅಂಗಡಿ. ನಮ್ಮಪ್ಪ ಸುರು ಮಾಡಿದ್ದು, 40 ವರ್ಷ ಆತು. ಮರಾಠಾ ಸೆಂಟರಿನ ಫೌಜಿ ಹುಡುಗರ ಅರಿವಿ ಹೊಲದೇ ನಮ್ಮ ಮನಿ ನಡದದ. ಹೊಸಾ ಡಿಜಿಟಲ್ ಕಾಂಬ್ಯಾಟ್ (ಫೌಜಿಗಳ ಮಚ್ಚಿ ಮಚ್ಚಿ ಡ್ರೆಸ್) ಬಂದ ಮ್ಯಾಲೆ ಗಿರಾಕಿ ಕಡಿಮಿ ಆಗ್ಯಾರ. ನಮ್ಮ ಕಡೆ ಹಳೇ ಕಾಂಬ್ಯಾಟ್ ಅರಿವಿ 180 ಮೀಟರ್ ಹಂಗೇ ಬಿದ್ದದ. ಮಾರಿದ್ರ ಜೈಲು ಅಂತ ಬಾಜೂ ಅಂಗಡಿಯವರು ಹೆದರಸ್ತಾರ. ಇನ್ನೊಂದ ಕಡೆ ಏಜೆಂಟ್ ಒಬ್ಬ ಬಂದು, ಹೊಸಾ ಡಿಜಿಟಲ್ ಅರಿವಿ ಸೇಮ್ ಟು ಸೇಮ್ ಕೊಡ್ತೀನಿ ಅಂತಾನ. ಸೆಕ್ಯುರಿಟಿ ಏಜೆನ್ಸಿಯವರು ಮಿಲಿಟ್ರಿ ಥರದ್ದು 40 ಜೋಡಿ ಡ್ರೆಸ್ ಕೇಳ್ಯಾರ. ಲ್ಯಾನ್ಯಾರ್ಡ್ (ಭುಜಕ್ಕ ಹಾಕೋ ಹೆಣೆದ ದಾರ), ರೆಜಿಮೆಂಟಿನ ಬ್ಯಾಜ್ ಎಲ್ಲಾ ತಗದು ಎಲ್ಲಾರಿಗೂ ಒಂದೇ ಡ್ರೆಸ್ ಮಾಡ್ತಾರಂತ, ಖರೇನಾ? ಮಗಾ ಅಂಗಡಿ ಮುಚ್ಚಿಬಿಡು ಅಂತಾನ. ಗ್ವಾಡಿ ಮ್ಯಾಲೆ ನಮ್ಮಪ್ಪ ಮಾಡಿಟ್ಟ ಬ್ಯಾಜಿನ ಬೋರ್ಡ್ ಅದ, ಅದನ್ನೂ ತೆಗೀಬೇಕೇನ್ರಿ? ಏನ್ ಮಾಡ್ಲಿ ಹೇಳ್ರಿ ಸರ್.

ಉತ್ತರ: ಮಾಸ್ಟರ್‌ಜಿ, ಫೌಜಿಗಳು ನಿಮ್ಮನ್ನು ಕರೆಯುವ ಹಾಗೆ ನಾನೂ ಕರೆಯುತ್ತೇನೆ. ನಾನು 28 ವರ್ಷ ಸೇನೆಯಲ್ಲಿದ್ದವನು. ಕೊನೆಯ 9 ವರ್ಷ ಕ್ವಾರ್ಟರ್‌ಮಾಸ್ಟರ್ ಸ್ಟೋರ್‌ನಲ್ಲಿದ್ದೆ. ಜವಾನರಿಗೆ ಬಟ್ಟೆ, ಬೂಟು, ಕಂಬಳಿ ಎಣಿಸಿ ಕೊಡುವುದು, ವಾಪಸ್ ಬಂದದ್ದನ್ನು ಎಣಿಸಿ ತೆಗೆದುಕೊಳ್ಳುವುದು ನನ್ನ ಕೆಲಸ. ನಿಮ್ಮಂಥ ಎಷ್ಟೋ ಅಂಗಡಿಗಳ ಮೆಟ್ಟಿಲು ಹತ್ತಿದ್ದೇನೆ. ಬೆಳಗ್ಗೆ ಪರೇಡ್ ಇದೆ ಅಂದರೆ ಹಿಂದಿನ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ ತೋಳಿಗೆ ಫಿತಿ, ಅಂದರೆ ದರ್ಜೆಯ ಪಟ್ಟಿ, ಹೊಲಿಸಿಕೊಂಡಿದ್ದೇನೆ. ಯಾರೂ ಇಲ್ಲ ಅಂದಿಲ್ಲ. ಹಾಗಾಗಿ ನಿಮ್ಮ ಪತ್ರ ಓದಿದಾಗ ಮನಸ್ಸಿಗೆ ನಾಟಿತು.

ನೀವು ಕೇಳಿದ್ದು ಐದಾರು ಪ್ರಶ್ನೆ. ಒಳಗಿರುವ ಚಿಂತೆ ಎರಡೇ. ಗೊತ್ತಿಲ್ಲದೆ ಯಾವುದಾದರೂ ಕೇಸಿನಲ್ಲಿ ಸಿಕ್ಕಿಬೀಳುತ್ತೇನಾ? ನಾಳೆ ಹೊಲಿಯೋಕೆ ಏನಾದರೂ ಉಳಿಯುತ್ತದಾ? ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಕಾಂಬ್ಯಾಟ್ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಮಾರುವ ವ್ಯಾಪಾರ ಮುಗಿದಿದೆ, ಅದು ವಾಪಸ್ ಬರುವುದಿಲ್ಲ. ಹೊಲಿಗೆ ಕೆಲಸ ಮುಗಿದಿಲ್ಲ. ನಿಮ್ಮ ಅಂಗಡಿಯಲ್ಲಿ ಇವೆರಡೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಸೇರಿದ್ದರಿಂದ ಎಲ್ಲವೂ ಹೋಯಿತು ಅಂತ ಅನಿಸುತ್ತಿದೆ.

ಬದಲಾದದ್ದು ಏನು ಅಂತ ಮೊದಲು ನೋಡೋಣ. 2022ರ ಜನವರಿ 15ರಂದು, ಸೇನಾ ದಿನದ ಪರೇಡ್‌ನಲ್ಲಿ, ಪ್ಯಾರಾಶೂಟ್ ರೆಜಿಮೆಂಟಿನ ಕಮಾಂಡೋಗಳು ಹೊಸ ಸಮವಸ್ತ್ರ ತೊಟ್ಟು ನಡೆದರು. 1949ರಲ್ಲಿ ಅದೇ ತಾರೀಕಿಗೆ ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಪರೇಡ್ ನಡೆದ ದೆಹಲಿಯ ಮೈದಾನಕ್ಕೂ ಅವರದೇ ಹೆಸರು. ಹೊಸ ಬಟ್ಟೆಯನ್ನು ಸೇನೆ ದೆಹಲಿಯ ಫ್ಯಾಷನ್ ಸಂಸ್ಥೆ ನಿಫ್ಟ್ ಜೊತೆ ಸೇರಿ ಮಾಡಿಸಿತು. 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್. ಹಳೆಯದಕ್ಕಿಂತ ಹಗುರ, ಬೇಗ ಒಣಗುತ್ತದೆ. ಹಸಿರು, ಮಣ್ಣಿನ ಬಣ್ಣಗಳು ದೊಡ್ಡ ದೊಡ್ಡ ಮಚ್ಚೆಯಾಗಿ ಇಲ್ಲ, ಸಣ್ಣ ಸಣ್ಣ ಚೌಕಗಳಾಗಿ ಒಡೆದಿವೆ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸುವಂತಿಲ್ಲ, ಹೊರಗೇ ಬಿಡಬೇಕು. ಬೆಲ್ಟ್ ಅಂಗಿಯ ಕೆಳಗೆ ಹೋಗುತ್ತದೆ. ಒಳಗೆ ದುಂಡು ಕುತ್ತಿಗೆಯ ಟೀ ಶರ್ಟ್.

ನೀವು ದರ್ಜಿ, ಹಾಗಾಗಿ ಹೊಲಿಗೆಯ ಮಾತು ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎದೆಯ ಮೇಲಿನ ಜೇಬುಗಳು ಓರೆಯಾಗಿವೆ, ಬಾಯಿ ಉದ್ದಕ್ಕೆ ತೆರೆಯುತ್ತದೆ. ಕೆಳಗೂ ಜೇಬುಗಳಿವೆ. ಎಡತೋಳಿಗೆ ಒಂದು ಜೇಬು, ಮುಂಗೈ ಮೇಲೆ ಪೆನ್ನು ಇಡುವ ಜಾಗ. ಬೆನ್ನಿಗೆ ನೈಫ್ ಪ್ಲೀಟ್, ಅಂದರೆ ಒಂದೇ ಕಡೆಗೆ ಮಡಚಿದ ನೆರಿಗೆ. ಪ್ಯಾಂಟಿನ ಸೊಂಟಕ್ಕೆ ಇಲಾಸ್ಟಿಕ್ ಮತ್ತು ಬಟನ್, ತೊಡೆಸಂದಿಗೆ ಎರಡು ಪದರ ಬಟ್ಟೆ. ಹೆಣ್ಣುಮಕ್ಕಳ ಅಂಗಿಗೆ ಅವರ ಮೈಕಟ್ಟಿಗೆ ಸರಿಯಾಗಿ ಬೇರೆ ಅಳತೆ. ಆ ಬೆನ್ನಿನ ಪ್ಲೀಟ್ ಸುಮ್ನೆ ಚೆಂದಕ್ಕೆ ಇಟ್ಟದ್ದಲ್ಲ. ಜವಾನ ರೈಫಲ್ ಎತ್ತಿ ಭುಜಕ್ಕೆ ಒತ್ತಿದಾಗ ಬೆನ್ನಿನ ಬಟ್ಟೆ ಬಿಚ್ಚಿಕೊಳ್ಳಬೇಕು. ಹುಡುಗರು ನಿಮ್ಮ ಹತ್ತಿರ ಬಂದು ಫಿಟಿಂಗ್ ಮಾಡಿ, ತೋಳು ಟೈಟ್ ಮಾಡಿ ಅಂತ ಕೇಳುತ್ತಾರೆ, ಅಲ್ವಾ? ಎರಡೂ ಪಕ್ಕ ಒಂದೊಂದು ಇಂಚು ಹಿಡಿದರೆ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಪ್ಲೀಟ್ ಸತ್ತುಹೋಗುತ್ತದೆ. ತೆವಳುವಾಗ ಕಂಕುಳ ಹತ್ತಿರ ಪರ್ ಅಂತ ಹರಿಯುತ್ತದೆ. ಅಂಥ ಅಂಗಿಗಳು ವಾಪಸ್ ಬರುತ್ತಿದ್ದದ್ದು ನನ್ನ ಸ್ಟೋರಿಗೇ.

ಸಮವಸ್ತ್ರ ಬದಲಾಗುವುದು ಹೊಸದೇನಲ್ಲ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ 19ನೇ ಶತಮಾನದಲ್ಲೇ ಖಾಕಿ ಬಟ್ಟೆ ತಯಾರಿಸುತ್ತಿತ್ತು. ಬರ್ಮಾ ಕಾಡಿನ ಯುದ್ಧದಲ್ಲಿ ಆ ಖಾಕಿ ಎದ್ದು ಕಾಣುತ್ತದೆ ಅಂತ ಹಸಿರು ಬಂತು. ಆಮೇಲೆ ಮಚ್ಚೆ ಮಚ್ಚೆಯ ಕಾಂಬ್ಯಾಟ್ ಬಂತು. ಈ ಸಲದ ಬದಲಾವಣೆಯಲ್ಲಿ ಬೇರೆ ವಿಷಯ ಇರುವುದು ಬಣ್ಣದಲ್ಲಲ್ಲ, ಬಟ್ಟೆ ಯಾರ ಕೈಯಲ್ಲಿದೆ ಅನ್ನುವುದರಲ್ಲಿ.

ಹಳೇ ಕಾಲ ನೆನಪು ಮಾಡಿಕೊಳ್ಳಿ. ಯಾವ ಕ್ಯಾಂಪ್ ಬಜಾರಿಗೆ ಹೋದರೂ ಕಾಂಬ್ಯಾಟ್ ಥಾನು ಸಿಗುತ್ತಿತ್ತು. ದುಡ್ಡು ಕೊಟ್ಟರೆ ಯಾರಿಗಾದರೂ ಕತ್ತರಿಸಿ ಕೊಡುತ್ತಿದ್ದರು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಭಯೋತ್ಪಾದಕರು ಸೇನೆಯ ಬಟ್ಟೆ ತೊಟ್ಟಿದ್ದರು. ಅದಾದ ಮೇಲೆ ಸೇನೆ, ಜನರು ಕಾಂಬ್ಯಾಟ್ ಥರದ ಬಟ್ಟೆ ಹಾಕಬೇಡಿ, ಅಂಗಡಿಯವರು ಮಾರಬೇಡಿ ಅಂತ ಬಹಿರಂಗವಾಗಿ ಕೇಳಿಕೊಂಡಿತು. 2020ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಗಲಭೆಯಾದಾಗ ಬೀದಿಯಲ್ಲಿ ಮಚ್ಚೆ ಬಟ್ಟೆ ಕಂಡವರು ಸೇನೆ ಇಳಿದಿದೆ ಅಂದುಕೊಂಡರು. ಸೇನೆ ಅಲ್ಲಿ ಇರಲೇ ಇಲ್ಲ. ಬಟ್ಟೆ ನೋಡಿ ಜನ ನಂಬುತ್ತಾರೆ. ಗೇಟಿನಲ್ಲಿ ನಿಂತ ಸಂತ್ರಿಯೂ ಅರೆಕ್ಷಣ ನಂಬುತ್ತಾನೆ. ಆ ಅರೆಕ್ಷಣದಲ್ಲಿ ಪ್ರಾಣ ಹೋಗುತ್ತದೆ. ನಿಮ್ಮ ವ್ಯಾಪಾರಕ್ಕೆ ಪೆಟ್ಟು ಬಿದ್ದಿರುವುದು ನಿಜ, ಅದನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಆದರೆ ನಿಯಮ ಬಿಗಿಯಾದದ್ದಕ್ಕೆ ಕಾರಣ ಇದು. ನಾನು ಸಂತ್ರಿ ಡ್ಯೂಟಿ ಮಾಡಿದವನು, ಈ ನಿಯಮ ಬೇಕು ಅಂತಲೇ ನನ್ನ ಅಭಿಪ್ರಾಯ.

ಅದಕ್ಕೇ ಸೇನೆ ಹೊಸ ವಿನ್ಯಾಸವನ್ನು ತನ್ನ ಹೆಸರಿಗೆ ನೋಂದಾಯಿಸಿತು. 2022ರ ನವೆಂಬರ್‌ನಲ್ಲಿ ಇದನ್ನು ಪ್ರಕಟಿಸಿದರು. ಹಕ್ಕು ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಬಜಾರಿನಲ್ಲಿ ಎಲ್ಲರೂ ಪೇಟೆಂಟ್ ಅಂತಾರೆ, ಅದು ವಿನ್ಯಾಸದ ನೋಂದಣಿ. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಬಾಜೂ ಅಂಗಡಿಯವರು ಹೇಳುವ ಜೈಲಿನ ಮಾತು ಈ ಕಾನೂನಿನಿಂದ ಬಂದದ್ದಲ್ಲ. 2000ದ ವಿನ್ಯಾಸ ಕಾಯ್ದೆ ಸಿವಿಲ್ ಸ್ವರೂಪದ್ದು. ನಕಲು ಮಾಡಿದರೆ, ಅಥವಾ ನಕಲು ಅಂತ ಗೊತ್ತಿದ್ದೂ ಮಾರಿದರೆ, ಒಂದು ಸಲಕ್ಕೆ 25 ಸಾವಿರ ರೂಪಾಯಿವರೆಗೆ, ಒಂದು ವಿನ್ಯಾಸಕ್ಕೆ ಒಟ್ಟು 50 ಸಾವಿರದವರೆಗೆ ವಸೂಲಿ ಮಾಡಬಹುದು. ಇಲ್ಲದಿದ್ದರೆ ನಷ್ಟ ಪರಿಹಾರಕ್ಕೆ ದಾವೆ ಹಾಕಿ, ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಜೈಲು ಇಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಕಂಟೋನ್ಮೆಂಟ್‌ಗಳಲ್ಲಿ ಮಿಲಿಟರಿಯವರೂ ಪೊಲೀಸರೂ ಜೊತೆಯಾಗಿ ಬಂದು ಅನಧಿಕೃತ ಬಟ್ಟೆ ವಶಪಡಿಸಿಕೊಂಡಿದ್ದಾರೆ. ಪೊಲೀಸರು ಅಂಗಡಿಯೊಳಗೆ ಬಂದ ಮೇಲೆ ತನಿಖೆ ಎಲ್ಲಿಗೆ ಹೋಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಯಾರು ಕೊಂಡರು, ಎಲ್ಲಿಗೆ ಹೋಯಿತು ಅಂತ ಕೇಳುತ್ತಾರೆ. ಸುಳ್ಳು ವೇಷದ ಕೇಸಿನಲ್ಲಿ ಸಿಕ್ಕಿದವನ ಮೈಮೇಲೆ ನಿಮ್ಮ ಅಂಗಡಿಯ ಲೇಬಲ್ ಇದ್ದರೆ ಏನು ಮಾಡುತ್ತೀರಿ?

ಹಾಗಾಗಿ ಏಜೆಂಟನ ಸೇಮ್ ಟು ಸೇಮ್ ಬಟ್ಟೆಯನ್ನು ಮುಟ್ಟಲೇಬೇಡಿ. ಸೇಮ್ ಟು ಸೇಮ್ ಅಂತ ಅವನು ಹೇಳಿದ್ದೇ ಅನುಮಾನಕ್ಕೆ ಕಾರಣ. ಅಧಿಕೃತ ಬಟ್ಟೆ ಏಜೆಂಟನ ಸ್ಕೂಟರಿನ ಮೇಲೆ ಬರುವುದಿಲ್ಲ. ಸೇನೆ ಮೊದಲ ಕಂತಿನಲ್ಲಿ 50 ಸಾವಿರ ಜೊತೆಗಳನ್ನು ಸಿಎಸ್‌ಡಿಯ, ಅಂದರೆ ಸೇನಾ ಕ್ಯಾಂಟೀನ್ ಇಲಾಖೆಯ, 15 ಡಿಪೋಗಳಿಗೆ ಕಳಿಸಿತು. ನಿಮಗೆ ಹತ್ತಿರದ್ದು ಪುಣೆಯ ಖಡ್ಕಿ. ಜವಾನರ ಕಿಟ್‌ಗೆ ಅಂತ 11.70 ಲಕ್ಷ ಜೊತೆಗಳ ಖರೀದಿಗೂ ಯೋಜನೆ ಮಾಡಿತು. ಒಂದು ಜೊತೆಯ ಬಾಳಿಕೆಯನ್ನು 15 ತಿಂಗಳು ಅಂತ ಲೆಕ್ಕ ಹಿಡಿದಿದ್ದಾರೆ. ಈ ದಾರಿ ಬಿಟ್ಟು ಬಂದದ್ದು ಎಲ್ಲವೂ ನಕಲಿ ಅಂತಲೇ ತಿಳಿಯಿರಿ.

ಆ ಬಟ್ಟೆ ನಿಮ್ಮ ಕೈಗೆ ಬಂದರೆ ನಿಮಗೇ ಗೊತ್ತಾಗುತ್ತದೆ. ಅಂಚಿನಿಂದ ಒಂದು ನೂಲು ಎಳೆದು ಬೆಂಕಿ ತೋರಿಸಿ. ಹತ್ತಿ ಜಾಸ್ತಿ ಇದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ತುದಿಯಲ್ಲಿ ಚೂರು ಗಟ್ಟಿ ಉಳಿಯಬಹುದು. ಪೂರ್ತಿ ಪಾಲಿಯೆಸ್ಟರ್ ಆದರೆ ಕರಗಿ ಕಪ್ಪು ಮಣಿಯಾಗಿ ಬೆರಳಿಗೆ ಅಂಟುತ್ತದೆ. ಅಗ್ಗದ ನಕಲಿ ಬಟ್ಟೆಯಲ್ಲಿ ನಾನು ಕಂಡದ್ದು ಈ ಮಣಿಯನ್ನೇ. ಸುತ್ತಮುತ್ತ ಬೆಂಕಿ ಬಿದ್ದಾಗ ಆ ಮಣಿ ಜವಾನನ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ನೆನಪಿರಲಿ. ನಿವೃತ್ತಿಗೆ ಮುಂಚೆ ನಾನೇ ಕಂಡದ್ದು ಒಂದು ಹೇಳುತ್ತೇನೆ. ರಜೆಯಿಂದ ಬಂದ ಹುಡುಗನೊಬ್ಬ ಊರಿನ ಪೇಟೆಯಲ್ಲಿ ಹೊಲಿಸಿದ ಹೊಸ ಅಂಗಿ ಹಾಕಿಕೊಂಡು ಬಂದ. ಮೊದಲ ದಿನ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ಸಲ ಒಗೆದ ಮೇಲೆ ಬೆಳಗಿನ ಫಾಲಿನ್‌ಗೆ ನಿಂತಾಗ, ಇಡೀ ಸಾಲಿನಲ್ಲಿ ಅವನೊಬ್ಬನ ಹಸಿರು ನೀಲಿಗೆ ತಿರುಗಿತ್ತು. ಮರ ಗಿಡದ ಮಧ್ಯೆ ಮರೆಯಾಗಲು ಕೊಟ್ಟ ಬಟ್ಟೆ, ಅವನನ್ನೇ ಎತ್ತಿ ತೋರಿಸುತ್ತಿತ್ತು. ಅವನಿಗೆ ಬೈಗುಳ ಸಿಕ್ಕಿತು. ನನಗೆ ಅವನನ್ನು ನೋಡಿ ಬೇಜಾರಾಯಿತು, ಅವನು ಕೊಟ್ಟದ್ದು ತನ್ನ ಸಂಬಳದ ದುಡ್ಡು.

ಈಗ ನಿಮ್ಮ 180 ಮೀಟರ್. ಹಳೇ ಪ್ಯಾಟರ್ನ್ 2022ರ ನೋಂದಣಿಯೊಳಗೆ ಬರುವುದಿಲ್ಲ, ಅದಕ್ಕೆ ವಿನ್ಯಾಸ ಕಾಯ್ದೆಯ ಭಯ ಬೇಡ. ಬಟ್ಟೆ ಅಂಗಡಿಯಲ್ಲಿ ಇದ್ದ ಮಾತ್ರಕ್ಕೆ ಜೈಲು ಅನ್ನುವುದೂ ನಿಜವಲ್ಲ. ನಿಜವಾದ ಅಪಾಯ ಎರಡು ಕಡೆಯಿಂದ ಬರುತ್ತದೆ. ಒಂದು, ತೊಡುವವನ ಉದ್ದೇಶ. ಸೈನಿಕನಲ್ಲದವನು ತಾನು ಸೈನಿಕ ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ ಅಂಥ ಬಟ್ಟೆ ತೊಟ್ಟರೆ, ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು ಅಥವಾ 2 ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹಿಂದೆ ಇದೇ ಐಪಿಸಿಯ 140ನೇ ಕಲಂ ಆಗಿತ್ತು, ದಂಡ ಆಗ 500 ರೂಪಾಯಿ. ನಿರ್ಬಂಧಿತ ಜಾಗಕ್ಕೆ ನುಗ್ಗಲು ಸಮವಸ್ತ್ರ ಬಳಸಿದರೆ ಅಧಿಕೃತ ರಹಸ್ಯ ಕಾಯ್ದೆ ಬರುತ್ತದೆ, ಅಲ್ಲಿ 3 ವರ್ಷದವರೆಗೆ ಶಿಕ್ಷೆ. ಎರಡನೆಯದು, ಜಿಲ್ಲಾಡಳಿತದ ಆದೇಶ. ಭದ್ರತೆಯ ಕಾರಣಕ್ಕೆ ಜಿಲ್ಲಾ ದಂಡಾಧಿಕಾರಿಗಳು ಸೇನೆಯ ಥರದ ಬಟ್ಟೆಯ ಮಾರಾಟವನ್ನು ಕೆಲಕಾಲ ನಿಷೇಧಿಸಬಹುದು. ಗಡಿ ಜಿಲ್ಲೆಗಳಲ್ಲಿ ಇದು ಆಗಾಗ ಆಗುತ್ತದೆ. ಅಂಥ ಆದೇಶ ಇರುವಾಗ ಮಾರಿದರೆ ಆದೇಶ ಮೀರಿದ್ದೇ ಒಂದು ಅಪರಾಧ.

ಅಂದರೆ ಕಾಲೇಜು ಹುಡುಗ ಮಚ್ಚೆ ಮಚ್ಚೆಯ ಕಾರ್ಗೋ ಪ್ಯಾಂಟ್ ಹಾಕಿ ಚಹಾ ಕುಡಿಯೋಕೆ ಹೋದರೆ ಅಪರಾಧವಲ್ಲ. ಅದೇ ಹುಡುಗ ಅದಕ್ಕೆ ಭುಜದ ಬ್ಯಾಜು, ಎದೆಗೆ ಹೆಸರಿನ ಪಟ್ಟಿ ಹೊಲಿಸಿಕೊಂಡು ಟೋಲ್‌ನಲ್ಲಿ ಫೌಜಿ ಅಂತ ಹೇಳಿದರೆ ಅಪರಾಧ. ಆ ಬ್ಯಾಜು, ಆ ಪಟ್ಟಿ ಹೊಲಿಯುವ ಸೂಜಿ ನಿಮ್ಮದು, ಮಾಸ್ಟರ್‌ಜಿ. ಬಟ್ಟೆಗಿಂತ ಅದರ ಬಗ್ಗೆ ನೀವು ಜಾಸ್ತಿ ಹುಷಾರಾಗಿರಬೇಕು.

ಆ ಥಾನುಗಳನ್ನು ಏನು ಮಾಡಬೇಕು ಅಂದರೆ, ಮೊದಲು ಕೊಂಡ ಬಿಲ್ ಹುಡುಕಿ ಒಂದು ಕಡೆ ಇಡಿ. ಮಿಲ್ ಅಥವಾ ಹೋಲ್‌ಸೇಲ್‌ನವರು ಅರ್ಧ ಬೆಲೆಗೆ ವಾಪಸ್ ತೆಗೆದುಕೊಂಡರೂ ಕೊಟ್ಟುಬಿಡುವುದು ಒಳ್ಳೆಯದು. ಇಲ್ಲ ಅಂದರೆ, ಎಷ್ಟು ಮೀಟರ್ ಇದೆ, ಯಾವಾಗ ಕೊಂಡದ್ದು ಅಂತ ಬರೆದು ಸೇನೆಯ ಸ್ಥಳೀಯ ಕಚೇರಿ, ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ ಒಂದು ಅರ್ಜಿ ಕೊಡಿ, ಏನು ಮಾಡಲಿ ಅಂತ ಕೇಳಿ. ಸ್ವೀಕೃತಿಯ ಸೀಲ್ ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಲಿ. ಹೊಸ ಬಟ್ಟೆಗೆ ಬದಲಾಗಿದ್ದು ಹಂತ ಹಂತವಾಗಿ, ಹಾಗಾಗಿ ಹಳೆಯದರ ರಿಪೇರಿಗೆ ಬರುವ ಸೇವೆಯಲ್ಲಿರುವ ಜವಾನನಿಗೆ ಮೊಣಕಾಲಿಗೆ ತೇಪೆ, ಜೇಬಿನ ಮುಚ್ಚಳ ಅಂತ ಗುರುತಿನ ಚೀಟಿ ನೋಡಿ ಬಳಸಬಹುದು. ಬೀದಿಬದಿಯ ವ್ಯಾಪಾರಿಗೆ ಗುಂಪಾಗಿ ಮಾರಿ ಕೈತೊಳೆದುಕೊಳ್ಳುವುದು ಸುಲಭದ ದಾರಿ ಅನಿಸುತ್ತದೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಕೆಟ್ಟ ದಾರಿ. ಅಲ್ಲಿಂದ ಮುಂದೆ ಅದು ಯಾರ ಕೈ ಸೇರಿತು ಅಂತ ನಿಮಗೆ ಗೊತ್ತೇ ಇರುವುದಿಲ್ಲ.

ಸೆಕ್ಯುರಿಟಿ ಏಜೆನ್ಸಿಯ 40 ಜೋಡಿಗೆ ನನ್ನ ಉತ್ತರ ಒಂದೇ ಮಾತು, ಬೇಡ. ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಅಂತಲೇ 2005ರ ಕಾಯ್ದೆ ಇದೆ. ಅದರ 21ನೇ ಕಲಂ ಪ್ರಕಾರ ಗಾರ್ಡು ಸೇನೆಯ, ವಾಯುಸೇನೆಯ, ನೌಕಾಸೇನೆಯ ಅಥವಾ ಪೊಲೀಸರ ಸಮವಸ್ತ್ರ, ಇಲ್ಲವೇ ಹಾಗೆ ಕಾಣುವ ಬಟ್ಟೆ ತೊಟ್ಟರೆ ಅವನಿಗೂ ಏಜೆನ್ಸಿ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು, 5 ಸಾವಿರದವರೆಗೆ ದಂಡ, ಅಥವಾ ಎರಡೂ. ಹಾಗೆ ಕಾಣುವ ಬಟ್ಟೆ ಅನ್ನುವ ಮಾತನ್ನು ಗಮನಿಸಿ. ಬಣ್ಣ ಸ್ವಲ್ಪ ಬೇರೆ ಇದೆ ಅನ್ನುವ ನೆಪ ನಡೆಯುವುದಿಲ್ಲ. ಆ ಏಜೆನ್ಸಿಯವರಿಗೆ ಕಾನೂನು ಗೊತ್ತಿಲ್ಲದೆಯೂ ಕೇಳಿರಬಹುದು. ನೀಲಿ ಅಥವಾ ಬೂದು ಬಣ್ಣದ ಸಾದಾ ಡ್ರೆಸ್, ಏಜೆನ್ಸಿಯ ಹೆಸರು ಎದ್ದು ಕಾಣುವ ಹಾಗೆ ಕಸೂತಿ ಮಾಡಿ ಕೊಡುತ್ತೇನೆ ಅಂತ ಹೇಳಿ ನೋಡಿ. ಒಪ್ಪಿದರೆ ಕೆಲಸ ನಿಮ್ಮದೇ.

ಇಲ್ಲೇ ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಫೋನಿನಲ್ಲಿ ಬರುವ ಫೌಜಿ ಆರ್ಡರ್‌ಗಳ ಬಗ್ಗೆ ಎಚ್ಚರ. ಹಿಂದಿಯಲ್ಲಿ ಮಾತಾಡುತ್ತಾನೆ, ಯೂನಿಟ್‌ಗೆ ಇಷ್ಟು ಜೊತೆ ಬೇಕು ಅಂತಾನೆ, ಸಮವಸ್ತ್ರದಲ್ಲಿರುವ ಫೋಟೊ, ಗುರುತಿನ ಚೀಟಿಯ ಫೋಟೊ ಕಳಿಸುತ್ತಾನೆ. ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತಾನೆ. ಹಾಕಿದರೆ ನಿಮ್ಮ ಖಾತೆಯಿಂದಲೇ ದುಡ್ಡು ಹೋಗುತ್ತದೆ. ದುಡ್ಡು ಪಡೆಯೋಕೆ ಯಾವತ್ತೂ ಪಿನ್ ಬೇಕಾಗಿಲ್ಲ. ಸೈನ್ಯದ ಬಟ್ಟೆಯ ಮೇಲೆ ಜನಕ್ಕಿರುವ ನಂಬಿಕೆಯೇ ಈ ಕಳ್ಳರ ಬಂಡವಾಳ. ಕ್ಯಾಂಪ್ ಪಕ್ಕದಲ್ಲಿ ಅಂಗಡಿ ಇಟ್ಟವರು ಬೇಗ ನಂಬುತ್ತಾರೆ, ಯಾಕೆಂದರೆ ದಿನಾ ನಿಜವಾದ ಫೌಜಿಗಳ ಜೊತೆ ವ್ಯವಹಾರ. ಯೂನಿಟ್ ಆರ್ಡರ್ ಅಂದರೆ ಯೂನಿಟ್‌ನಿಂದ ಆಳು ಬರಬೇಕು, ಕಾಗದ ಬರಬೇಕು.

ಹಾಗೆಯೇ ಹೊಸ ಅಂಗಿ ಹಾಕಿ ನಿಂತ ಹುಡುಗನ ಫೋಟೊ ತೆಗೆದು ನಮ್ಮ ಹೊಲಿಗೆ ಅಂತ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಅದರಲ್ಲಿ ಅವನ ಹೆಸರು, ದರ್ಜೆ, ಭುಜದ ಗುರುತು ಎಲ್ಲ ಓದಬಹುದು. ಗಿರಾಕಿಗಳ ರಿಜಿಸ್ಟರ್ ಇಟ್ಟರೆ ರಾತ್ರಿ ಬೀಗದೊಳಗೆ ಇಡಿ. ಗುರುತಿನ ಚೀಟಿ ನೋಡಿ ವಾಪಸ್ ಕೊಡಿ, ಅದರ ಫೋಟೊ ಮೊಬೈಲಿನಲ್ಲಿ ಬೇಡ.

ಲ್ಯಾನ್ಯಾರ್ಡ್, ಬ್ಯಾಜ್ ಎಲ್ಲ ಹೋಗುತ್ತದೆ ಅನ್ನುವ ಸುದ್ದಿಗೆ ಬರೋಣ. ಇದರಲ್ಲಿ ಕಾಲು ಭಾಗ ನಿಜ, ಮುಕ್ಕಾಲು ಭಾಗ ಬಜಾರಿನ ಗಾಳಿಮಾತು. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಅದಕ್ಕಿಂತ ಮೇಲಿನ ಅಧಿಕಾರಿಗಳಿಗೆ ಮಾತ್ರ ಒಂದೇ ಥರದ ಸಮವಸ್ತ್ರ ಬಂತು. ತಲೆಯ ಟೋಪಿ, ಭುಜದ ದರ್ಜೆ ಚಿಹ್ನೆ, ಕಾಲರಿನ ಪಟ್ಟಿ, ಬೆಲ್ಟು, ಶೂ ಎಲ್ಲರಿಗೂ ಒಂದೇ. ಅವರು ಲ್ಯಾನ್ಯಾರ್ಡ್ ಹಾಕುವುದಿಲ್ಲ. ಕರ್ನಲ್ ಮತ್ತು ಕೆಳಗಿನವರಿಗೆ ಏನೂ ಬದಲಾಗಲಿಲ್ಲ. ಯಾಕೆ ಹೀಗೆ ಅಂದರೆ, ಕರ್ನಲ್ ತನಕ ಅಧಿಕಾರಿ ಸಾಮಾನ್ಯವಾಗಿ ತನ್ನ ರೆಜಿಮೆಂಟಿನವರ ಜೊತೆ ಇರುತ್ತಾನೆ. ಬ್ರಿಗೇಡಿಯರ್ ಆದ ಮೇಲೆ ಅವನ ಕೈಕೆಳಗೆ ಮರಾಠಾ, ಗೂರ್ಖಾ, ಸಿಖ್, ಎಂಜಿನಿಯರ್, ತೋಪಿನವರು ಎಲ್ಲರೂ ಬರುತ್ತಾರೆ. ಅಲ್ಲಿ ಅವನು ಒಂದು ರೆಜಿಮೆಂಟಿನ ಹಿರಿಯನಾಗಿ ಕಾಣಬಾರದು, ಎಲ್ಲರ ಹಿರಿಯನಾಗಿ ಕಾಣಬೇಕು ಅನ್ನುವ ಯೋಚನೆ. ಕೆಲವು ಹಿರಿಯರಿಗೆ ಇದು ನೋವು ತಂದಿತು. ಮೂವತ್ತು ವರ್ಷ ತಲೆಯ ಮೇಲಿದ್ದ ಗೂರ್ಖಾ ಹ್ಯಾಟನ್ನು ತೆಗೆದಿಡುವುದು ಸಣ್ಣ ವಿಷಯ ಅಲ್ಲ. ಆದರೆ ನಿಮ್ಮ ಅಂಗಡಿಗೆ ಬರುವ ರಿಕ್ರೂಟು, ನಾಯಕ್, ಹವಾಲ್ದಾರ್, ಸುಬೇದಾರ್ ಇವರ ಲ್ಯಾನ್ಯಾರ್ಡು, ಭುಜದ ಬ್ಯಾಜು ಹಾಗೇ ಇವೆ. ಅಗ್ನಿವೀರರಿಗೆ ಬೇರೆ ಗುರುತಿನ ಚಿಹ್ನೆ ಸೇರಿದೆ, ಅಷ್ಟೇ. ವಾಯುಸೇನೆ 2022ರ ಅಕ್ಟೋಬರ್ 8ರಂದು ಚಂಡೀಗಢದಲ್ಲಿ ತನ್ನದೇ ಡಿಜಿಟಲ್ ಬಟ್ಟೆ ತೋರಿಸಿತು. ನೌಕಾಸೇನೆ 2023ರ ಕೊನೆಗೆ ಅಡ್ಮಿರಲ್‌ಗಳ ಭುಜದ ಪಟ್ಟಿಗೆ ಶಿವಾಜಿ ಮಹಾರಾಜರ ಮುದ್ರೆಯಿಂದ ಪ್ರೇರಿತ ಎಂಟು ಮೂಲೆಯ ಗುರುತು ತಂದಿತು. ಸಾಂಬ್ರಾದ ವಾಯುಸೇನೆ ತರಬೇತಿ ಕೇಂದ್ರದ ಹುಡುಗರು ಬಂದರೆ ಸೇನೆಯ ಪ್ಯಾಟರ್ನ್ ಬೇರೆ, ಅವರದು ಬೇರೆ ಅನ್ನುವುದು ಗೊತ್ತಿರಲಿ.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಏಳನೇ ವೇತನ ಆಯೋಗದ ನಂತರ ಜವಾನರಿಗೆ ವರ್ಷಕ್ಕೆ 10 ಸಾವಿರ, ಅಧಿಕಾರಿಗಳಿಗೆ 20 ಸಾವಿರ ರೂಪಾಯಿ ಬಟ್ಟೆ ಭತ್ಯೆ ನಿಗದಿಯಾಯಿತು. ತುಟ್ಟಿಭತ್ಯೆ ಏರಿದ ಹಾಗೆ ಅದೂ ಏರುವ ನಿಯಮ ಇದೆ. ಜುಲೈ ಸಂಬಳದ ಜೊತೆ ಬರುತ್ತದೆ. ಅಂದರೆ ಬಟ್ಟೆಗೆ ಖರ್ಚು ಮಾಡುವ ದುಡ್ಡು ಹುಡುಗರ ಕೈಯಲ್ಲಿದೆ. ಹೊಸ ಕಾಂಬ್ಯಾಟ್ 13 ಅಳತೆಗಳಲ್ಲಿ ಸಿದ್ಧ ಬರುತ್ತದೆ. ಹದಿಮೂರು ಅಳತೆಗೆ ಎಲ್ಲ ಮೈಗಳೂ ಹೊಂದುವುದಿಲ್ಲ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆರಡಿ ಎತ್ತರದ ಸಣಕಲು ಹುಡುಗನಿಗೆ ಉದ್ದ ಸರಿಯಾದರೆ ಸೊಂಟ ದೊಗಳೆ. ಅಲ್ಲಿ ಆಲ್ಟರೇಶನ್ ಬೇಕೇ ಬೇಕು. ಜೇಬಿನ ಜಾಗ, ಪ್ಲೀಟು, ಅಂಗಿಯ ಆಕಾರ ಮುಟ್ಟದೆ ಉದ್ದ, ಸೊಂಟ, ತೋಳಿನ ಅಂಚು ಸರಿಮಾಡಿ ಕೊಡುವುದು ನಿಮ್ಮ ಕೆಲಸ.

ಸೇನೆ ಹೊಸ ಬಟ್ಟೆಯ ಹೊಲಿಗೆ ಕಲಿಸಲು ನಿಫ್ಟ್‌ನವರ ಜೊತೆ ಸೇರಿ ಕಾರ್ಯಾಗಾರಗಳನ್ನು ಮಾಡಿದೆ. ಅದರಲ್ಲಿ ಸೇನೆಯ ದರ್ಜಿಗಳ ಜೊತೆ ಸಿವಿಲಿಯನ್ ದರ್ಜಿಗಳೂ ಇದ್ದರು. ಅಂದರೆ ಹೊರಗಿನ ಟೈಲರ್‌ಗೆ ಬಾಗಿಲು ಮುಚ್ಚಿಲ್ಲ, ಒಳಗೆ ಹೋಗುವ ಬಾಗಿಲು ಬದಲಾಗಿದೆ. ಸೆಂಟರಿನ ಕ್ವಾರ್ಟರ್‌ಮಾಸ್ಟರ್ ಕಚೇರಿಗೆ ಹೋಗಿ. ಯೂನಿಟ್ ಟೈಲರ್ ಗುತ್ತಿಗೆ ಯಾವಾಗ ಕರೆಯುತ್ತಾರೆ, ಪೊಲೀಸ್ ವೆರಿಫಿಕೇಶನ್ ಬೇಕಾ, ಜಿಎಸ್‌ಟಿ ನಂಬರ್ ಬೇಕಾ ಅಂತ ಕೇಳಿ ಬರೆದುಕೊಳ್ಳಿ. ಇದರಲ್ಲಿ ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಗುತ್ತಿಗೆಯಲ್ಲಿ ದರ ಅವರು ಗೊತ್ತುಮಾಡುತ್ತಾರೆ, ದುಡ್ಡು ಕೈಗೆ ಬರಲು ತಡವಾಗಬಹುದು, ಅವಧಿ ಮುಗಿದರೆ ಮತ್ತೆ ಪೈಪೋಟಿ. ಅದೊಂದನ್ನೇ ನಂಬಿ ಕೂರಬೇಡಿ.

ನನ್ನನ್ನು ಕೇಳಿದರೆ, ನೀವು ಕೈಬಿಡಬಾರದ ಕೆಲಸ ಪದಕಗಳದ್ದು. ಮೆಡಲ್‌ಗಳನ್ನು ಪಟ್ಟಿಗೆ ಸರಿಯಾಗಿ ಕೂರಿಸುವವರು ತುಂಬಾ ಕಡಿಮೆ. ದೊಡ್ಡ ಪದಕ ಎದೆಯ ಮಧ್ಯಕ್ಕೆ ಹತ್ತಿರ, ಉಳಿದವು ಕ್ರಮವಾಗಿ ತೋಳಿನ ಕಡೆಗೆ. ರಿಬ್ಬನ್ ಅಂಚಿಗೆ ಅಂಚು ಸೇರಬೇಕು, ಎಲ್ಲ ಪದಕಗಳ ಕೆಳ ಅಂಚು ಒಂದೇ ಗೆರೆಯಲ್ಲಿ ನಿಲ್ಲಬೇಕು. ಬೆಳಗಾವಿ, ಧಾರವಾಡ, ಕೊಲ್ಹಾಪುರ ಸುತ್ತ ಎಷ್ಟು ಮಾಜಿ ಸೈನಿಕರ ಮನೆಗಳಿವೆ ನೋಡಿ. ಟ್ರಂಕಿನ ತಳದಲ್ಲಿ ಕಾಗದ ಸುತ್ತಿಟ್ಟ ಪದಕಗಳು, ರಿಬ್ಬನ್ ಹುಳ ತಿಂದು ಪುಡಿಯಾಗಿರುತ್ತದೆ. ಒಂದು ಶ್ರದ್ಧಾಂಜಲಿ ಕಾರ್ಯಕ್ರಮಕ್ಕೆ ಅಜ್ಜಿಯೊಬ್ಬರು ಗಂಡನ ಪದಕಗಳನ್ನು ಸೀರೆಯ ಸೆರಗಿಗೆ ಸೇಫ್ಟಿ ಪಿನ್ನಿನಲ್ಲಿ ಚುಚ್ಚಿಕೊಂಡು ಬಂದಿದ್ದರು, ಎಡಗಡೆಗೆ. ಗಳಿಸಿದವರು ಎಡಕ್ಕೆ ಹಾಕುತ್ತಾರೆ, ಅವರು ತೀರಿಕೊಂಡ ಮೇಲೆ ಮನೆಯವರು ಬಲಕ್ಕೆ. ನಾನು ಮೆಲ್ಲಗೆ ಹೇಳಿದೆ, ಅಮ್ಮಾ ಬಲಕ್ಕೆ ಹಾಕೋಣ ಅಂತ. ಬಲಕ್ಕೆ ಬದಲಾಯಿಸುವಾಗ ಅವರ ಕೈ ನಡುಗುತ್ತಿತ್ತು. ಒಂದು ಪಟ್ಟಿಗೆ ಹೊಲಿದು ಗಟ್ಟಿ ಪಿನ್ ಕೊಟ್ಟಿದ್ದರೆ ಅವರಿಗೆ ಎಷ್ಟು ಅನುಕೂಲವಾಗುತ್ತಿತ್ತು. ಅಂಥ ಕೆಲಸಕ್ಕೆ ಜನ ಊರಿಂದ ಊರಿಗೆ ಹುಡುಕಿಕೊಂಡು ಬರುತ್ತಾರೆ.

ಮಾಜಿ ಸೈನಿಕರ ಬ್ಲೇಜರ್, ಅಧಿಕಾರಿಗಳ ಮೆಸ್ ಡ್ರೆಸ್, ಎನ್‌ಸಿಸಿ, ಪೊಲೀಸ್, ಅರಣ್ಯ ಇಲಾಖೆ, ಸೈನಿಕ ಶಾಲೆಗಳ ಹೊಲಿಗೆ ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ, ಬಿಡಿಸಿ ಹೇಳಬೇಕಾಗಿಲ್ಲ.

ಮಗನ ಮಾತನ್ನು ಸಿಟ್ಟಿನಿಂದ ತಳ್ಳಿಹಾಕಬೇಡಿ. ಅವನು ಲೆಕ್ಕ ನೋಡಿ ಹೇಳುತ್ತಿರಬಹುದು. ಇಬ್ಬರೂ ಕೂತು ಕಳೆದ ಎರಡು ವರ್ಷದ ಪುಸ್ತಕ ತೆರೆಯಿರಿ. ಬಟ್ಟೆ ಮಾರಿ ಬಂದದ್ದು ಒಂದು ಕಡೆ, ಕೂಲಿಯಿಂದ ಬಂದದ್ದು ಇನ್ನೊಂದು ಕಡೆ ಬರೆಯಿರಿ. ಕೂಲಿಯ ಕಡೆ ಬಾಡಿಗೆ, ಕರೆಂಟು, ಒಬ್ಬ ಕಾರಿಗರನ ಸಂಬಳ ಕಳೆದು ಮನೆಗೆ ಉಳಿಯುತ್ತಿದ್ದರೆ ಅಂಗಡಿ ನಡೆಯುತ್ತದೆ. ಉಳಿಯದಿದ್ದರೆ ಆರು ತಿಂಗಳು ಗಡುವು ಇಟ್ಟು, ಮೇಲೆ ಹೇಳಿದ್ದರಲ್ಲಿ ಒಂದೆರಡು ಮಾಡಿ ನೋಡಿ, ಆಮೇಲೆ ಇಬ್ಬರೂ ಸೇರಿ ತೀರ್ಮಾನ ಮಾಡಿ. ಕಾನೂನಿನ ನೋಟಿಸ್ ಏನಾದರೂ ಬಂದರೆ ಮಾತ್ರ ತಡಮಾಡದೆ ವಕೀಲರನ್ನು ನೋಡಿ.

ಕೊನೆಗೆ ಆ ಬೋರ್ಡು. ನಿಮ್ಮ ತಂದೆಯವರು ಮಾಡಿಟ್ಟದ್ದನ್ನು ಎಸೆಯಬೇಡಿ. ಫಿತಿಗಳು, ಸ್ಟಾರುಗಳು, ಹಳೇ ಬಟನ್‌ಗಳು ಇರಲಿ, ಅವುಗಳಲ್ಲಿ ಗುಟ್ಟೇನೂ ಇಲ್ಲ. ಡಿವಿಷನ್, ಬ್ರಿಗೇಡ್‌ಗಳ ತೋಳಿನ ಗುರುತುಗಳಿದ್ದರೆ ಅವನ್ನಷ್ಟು ಬಿಚ್ಚಿ ಪೆಟ್ಟಿಗೆಯಲ್ಲಿಡಿ, ಯಾರಾದರೂ ಒಂದನ್ನು ಕಿತ್ತುಕೊಂಡು ಹೋದರೂ ಕಷ್ಟ. ಬೋರ್ಡನ್ನು ಬೀದಿಗೆ ಕಾಣುವ ಗೋಡೆಯಿಂದ ತೆಗೆದು, ಒಳಗೆ ನೀವು ಕಟಿಂಗ್ ಮಾಡುವ ಮೇಜಿನ ಹಿಂದೆ ಹಾಕಿ. ಅಳತೆ ಕೊಡಲು ನಿಂತ ಹುಡುಗರಿಗೆ ಅಲ್ಲಿಂದಲೂ ಕಾಣುತ್ತದೆ.